ದಸರಾ ಹತ್ತು ದಿನ ಸರಿ, ಉಳಿದ ದಿನ ಹೋಟೆಲ್‌ಗಳಿಂದ ಮೈಸೂರಿಗೆ ಉಳಿಯೋದೆಷ್ಟು?

ಅಗ್ರಹಾರದವನು:

ದಸರಾ ಬಂತು ಅಂದ್ರೆ ಪೇಪರಲ್ಲಿ ಒಂದು ಸುದ್ದಿ ಖಾಯಂ: ಮೈಸೂರಿನ ಹೋಟೆಲ್‌ಗಳೆಲ್ಲ ಭರ್ತಿ, ಉದ್ಯಮಕ್ಕೆ ಚೇತರಿಕೆ. ಬನ್ನಿಮಂಟಪದ ಪಂಜಿನ ಕವಾಯತು ಮುಗಿದ ಮಾರನೇ ದಿನದಿಂದ ಆ ವಿಷಯ ಯಾರೂ ಎತ್ತಲ್ಲ. ವರ್ಷದ ಉಳಿದ ದಿನ ಈ ಹೋಟೆಲ್‌ಗಳು ಊರಿಗೆ ಏನು ಕೊಡ್ತಿವೆ, ಊರಿಂದ ಏನು ತಗೊಳ್ತಿವೆ ಅನ್ನೋ ಲೆಕ್ಕ ಎಲ್ಲೂ ಕಾಣಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದೀನಿ.

ನನ್ನ ವಾದ ಇಷ್ಟೇ. ಎಷ್ಟು ಲಕ್ಷ ಜನ ಊರು ನೋಡೋಕೆ ಬಂದ್ರು ಅನ್ನೋದು ದೊಡ್ಡ ಮಾತಲ್ಲ, ಎಷ್ಟು ಜನ ರಾತ್ರಿ ಉಳಿದ್ರು ಅನ್ನೋದೇ ಮಾತು. ಬೆಳಿಗ್ಗೆ ಬೆಂಗಳೂರು ಬಿಟ್ಟು, ಮೃಗಾಲಯ, ಅರಮನೆ, ಬೆಟ್ಟ ಮುಗಿಸಿ, ಭಾನುವಾರ ಆಗಿದ್ರೆ ಸಂಜೆ ಅರಮನೆ ದೀಪ ನೋಡಿಕೊಂಡು ಕಾರು ಹತ್ತಿದವರು ಮಲಗೋ ಹೊತ್ತಿಗೆ ಮನೇಲಿರ್ತಾರೆ. ಅವರಿಂದ ಊರಿಗೆ ಬಂದದ್ದು ಎಂಟ್ರಿ ಟಿಕೆಟ್, ಒಂದು ಊಟ, ಅರ್ಧ ಕೆ.ಜಿ. ಮೈಸೂರು ಪಾಕ್. ಅದೇ ಕುಟುಂಬ ಒಂದು ರಾತ್ರಿ ಉಳಿದ್ರೆ ರೂಮ್ ಬಾಡಿಗೆಯ ಜೊತೆಗೆ ರಾತ್ರಿ ಊಟ, ಬೆಳಿಗ್ಗೆ ಮೈಲಾರಿ ದೋಸೆ, ಆಟೊ, ದೇವರಾಜ ಮಾರ್ಕೆಟ್ ಸುತ್ತಾಟ, ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂ, ಪುರುಸೊತ್ತಿದ್ರೆ ರೇಷ್ಮೆ ಸೀರೆ. ಹೆಂಗಸರು ಎರಡನೇ ದಿನವೇ ಸೀರೆ ತಗೊಳ್ಳೋದು, ಮೊದಲನೇ ದಿನ ಅಲ್ಲ.

2023ರ ಮಾರ್ಚ್ 12ಕ್ಕೆ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆಯ್ತು. 118 ಕಿ.ಮೀ. ದಾರಿ, ಮೂರು ಗಂಟೆ ಹಿಡೀತಿದ್ದದ್ದು ಅರ್ಧಕ್ಕಿಳೀತು. ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ಜನ ಬರೋದು ಸುಲಭ ಆದಷ್ಟೇ ವಾಪಸ್ ಹೋಗೋದೂ ಸುಲಭ ಆಯ್ತು ಅಂತ ಆವತ್ತು ಯಾರೂ ಹೇಳಲಿಲ್ಲ.

ಲಾಡ್ಜು, ತಿಂಡಿ ಹೋಟೆಲು ಎರಡೂ ಸೇರಿಸಿಯೇ ಮಾತಾಡೋಣ. ನಡೆಸೋರು, ಕೆಲಸ ಮಾಡೋರು ಇದ್ರೆ ದಯವಿಟ್ಟು ಬರೀರಿ.

ಮದ್ದೂರ್ ಲೈನ್:

ದಶಪಥದ ಬಗ್ಗೆ ನಮ್ಮನ್ನ ಕೇಳಿ ಸಾರ್. ಬಿಡದೀಲಿ ತಟ್ಟೆ ಇಡ್ಲಿ, ಇಲ್ಲಾಂದ್ರೆ ಮದ್ದೂರಲ್ಲಿ ವಡೆ, ಎರಡರಲ್ಲಿ ಒಂದು ತಿನ್ನದೆ ಮೈಸೂರಿಗೆ ಹೋದೋರು ಯಾರಾದ್ರೂ ಇದ್ರಾ? ಈಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಣ, ಎಲ್ಲಕ್ಕೂ ಬೈಪಾಸು. ಕಾರು ಮೇಲೆ ಒಂಟೋಯ್ತದೆ, ನಾವು ಕೆಳಗೆ ನಿಂತ್ಕಂಡು ಸದ್ದು ಕೇಳ್ಕಂಡಿರದು.

ಹೋಟ್ಲಿಂದ ಊರಿಗೆ ಏನು ಅಂತ ಕೇಳಿದ್ರಲ್ಲ, ಹೋಟ್ಲು ಮುಚ್ಚಿದ ಮೇಲೆ ನೋಡ್ಬೇಕು ಅದನ್ನ. ಹಳೇ ರಸ್ತೇಲಿ ಒಂದು ಹೋಟ್ಲಿಗೆ ಗಿರಾಕಿ ಕಮ್ಮಿ ಆದ್ರೆ ಮೊದಲು ಹೋಗೋನು ಪಾರ್ಕಿಂಗ್ ಹುಡುಗ. ಆಮೇಲೆ ಎಳನೀರ್ ಗಾಡಿಯೋನು. ಪಕ್ಕದ ಪಂಚರ್ ಅಂಗಡಿ. ಬಾಳೆಲೆ ತಂದಾಕ್ತಿದ್ದ ಮುದುಕ. ಹೋಟ್ಲಿಗೆ ಅಂತ ಎರಡು ಹಸ ಜಾಸ್ತಿ ಕಟ್ಟಿದ್ದ ಮನೆ. ಚನ್ನಪಟ್ಣದಲ್ಲಿ ಕಾಫಿಗೆ ಇಳಿದೋರು ಮಕ್ಕಳಿಗೆ ಅಂತ ಗೊಂಬೆ ತಗಳ್ತಿದ್ರು. ಗೊಂಬೆಗೋಸ್ಕರವೇ ಇಳಿಯೋರು ಎಷ್ಟು ಜನ? ಮದ್ದೂರಿನ ಗಿರಾಕಿ ಹೋಗಿದ್ದು ಮೈಸೂರಿಗಲ್ಲ, ನಿಮಗೂ ಸಿಗ್ಲಿಲ್ಲ, ನಮಗೂ ಇಲ್ಲ.

ಗಲ್ಲಾಪೆಟ್ಟಿಗೆ:

ನಾನು ಮೈಸೂರಲ್ಲೇ ಒಂದು ಸಣ್ಣ ಲಾಡ್ಜ್ ನಡೆಸ್ತೀನಿ, ಕೆಳಗೆ ಸಸ್ಯಾಹಾರಿ ಹೋಟೆಲ್ ಇದೆ. ಹೆಸರು ಬೇಡ.

ಒಂದು ಲೆಕ್ಕ ಹೇಳ್ತೀನಿ. 2,000 ರೂಪಾಯಿ ರೂಮ್ ಅಂತ ಇಟ್ಕೊಳ್ಳಿ. ಗಿರಾಕಿ ಆ್ಯಪಲ್ಲಿ ಬುಕ್ ಮಾಡಿದ್ರೆ ಐದರಲ್ಲೊಂದು ಪಾಲು ಕಮಿಷನ್ನಿಗೇ ಹೋಗುತ್ತೆ, ಕೆಲವು ಸಲ ಅದಕ್ಕಿಂತ ಜಾಸ್ತಿ. ಆ ದುಡ್ಡು ಮೈಸೂರು ನೋಡೋದೇ ಇಲ್ಲ. ಕಟ್ಟಡ ಲೀಸ್‌ಗೆ ಹಿಡಿದಿದ್ರೆ ಓನರ್ ಪಾಲು. ಓನರ್ ಇಲ್ಲೇ ಇದ್ರೆ ಊರಿಗೆ, ಅಮೆರಿಕದಲ್ಲಿದ್ರೆ ಅಲ್ಲಿಗೆ. ಬೆಡ್‌ಶೀಟು, ಟವೆಲ್ಲು ಈರೋಡು, ಸೊಲ್ಲಾಪುರದ್ದು. ಎಸಿ, ಟಿವಿ, ಲಿಫ್ಟು ಎಲ್ಲಿಂದಲೋ. ಮಿಕ್ಕಿದ್ದರಲ್ಲಿ ಸಂಬಳ, ಕರೆಂಟು, ಲಾಂಡ್ರಿ, ರಿಪೇರಿ. ಪ್ಲಂಬರ್, ಎಲೆಕ್ಟ್ರಿಷಿಯನ್, ಕಾರ್ಪೆಂಟರ್ ಅಂತೂ ನಮ್ಮಲ್ಲಿ ಹೆಚ್ಚುಕಮ್ಮಿ ಖಾಯಂ ನೌಕರರ ಥರ.

ಕೆಳಗಿನ ಹೋಟೆಲ್ ಕಥೆ ಬೇರೆ. ತರಕಾರಿ ಬಂಡಿಪಾಳ್ಯ ಎಪಿಎಂಸಿ, ಹಾಲು-ಮೊಸರು ನಂದಿನಿ, ಅಕ್ಕಿ-ಬೆಲ್ಲ ಮಂಡ್ಯ ಕಡೆಯದು, ಕಾಫಿ ಪುಡಿಗೆ ಬೀಜ ಕೊಡಗಿಂದ, ವೀಳ್ಯದೆಲೆ ಇಲ್ಲೀದೇ. ಉದ್ದು ಮಾತ್ರ ಎಷ್ಟೋ ಸಲ ಬರ್ಮಾದ್ದು, ಎಣ್ಣೆ ಇನ್ನೂ ದೂರದ್ದು. ಆದ್ರೂ ಒಂದು ಮಸಾಲೆ ದೋಸೆ ದುಡ್ಡಲ್ಲಿ ದೊಡ್ಡ ಪಾಲು ನೂರು ಕಿ.ಮೀ. ಒಳಗೇ ಓಡಾಡುತ್ತೆ. ಮೇಲಿನ ರೂಮಿನ ದುಡ್ಡಿಗೆ ಆ ಗ್ಯಾರಂಟಿ ಇಲ್ಲ. ಹಾಗಂತ ಬರೀ ದೋಸೆಯಿಂದ ಬ್ಯಾಂಕ್ ಕಂತು ಕಟ್ಟೋಕಾಗಲ್ಲ, ಅದು ರೂಮಿಂದಲೇ ಆಗಬೇಕು.

ಅರ್ಥಶಾಸ್ತ್ರದ ಹುಡುಗಿ:

ಗಲ್ಲಾಪೆಟ್ಟಿಗೆ ಅವರು ಕೊಟ್ಟ ಲೆಕ್ಕ ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿದೆ. ಆದರೆ ಅದಕ್ಕೆ ಮುಂಚೆ ಒಂದು ವಿಂಗಡಣೆ ಮಾಡಲೇಬೇಕು. ದುಡ್ಡು ಯಾರದು?

ಕುವೆಂಪುನಗರದವರು ಸರಸ್ವತಿಪುರಂನಲ್ಲಿ ಇಡ್ಲಿ ತಿಂದರೆ ಊರಿಗೆ ಹೊಸ ದುಡ್ಡು ಬರಲಿಲ್ಲ. ಹೋಟೆಲ್ ಇಲ್ಲದಿದ್ದರೆ ಅದೇ ದುಡ್ಡು ಸಿನಿಮಾಗೋ ಬಟ್ಟೆಗೋ ಹೋಗುತ್ತಿತ್ತು. ಕೇರಳದ ಕುಟುಂಬ ಅದೇ ಇಡ್ಲಿ ತಿಂದರೆ ಅದು ಊರಿಗೆ ಹೊರಗಿನ ಆದಾಯ, ಇಲ್ಲಿಂದ ಅಗರಬತ್ತಿ ಮಾಡಿ ಹೊರಗೆ ಮಾರಿದ್ದಕ್ಕೆ ಸಮ. ಹೋಟೆಲ್‌ಗಳ ಒಟ್ಟು ವಹಿವಾಟನ್ನೆಲ್ಲ ‘ನಗರಕ್ಕೆ ಕೊಡುಗೆ’ ಅಂತ ತೋರಿಸುವ ವರದಿಗಳು ಈ ಎರಡನ್ನೂ ಕಲಸಿಬಿಡುತ್ತವೆ. ಹೊರಗಿಂದ ಬಂದದ್ದೆಷ್ಟು, ಬಂದದ್ದರಲ್ಲಿ ಊರೊಳಗೆ ಇನ್ನೊಂದು ಕೈಗೆ ದಾಟಿದ್ದೆಷ್ಟು, ಈ ಎರಡೇ ಪ್ರಶ್ನೆ. ಆ ದೃಷ್ಟಿಯಲ್ಲಿ ಲಾಡ್ಜ್ ಹೊರಗಿನ ದುಡ್ಡು ಎಳೆದು ತರುತ್ತದೆ, ಕೆಳಗಿನ ಅಡುಗೆಮನೆ ಅದನ್ನು ಊರಿಗೆ ಹಂಚುತ್ತದೆ.

ಗಲ್ಲಾಪೆಟ್ಟಿಗೆ:

@ಅರ್ಥಶಾಸ್ತ್ರದ ಹುಡುಗಿ ಒಪ್ಪಿದೆ ತಾಯಿ, ಆದ್ರೆ ಊರಿನವರ ಇಡ್ಲಿಯನ್ನ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಬೆಳಿಗ್ಗೆ ಎಂಟಕ್ಕೆ ನಮ್ಮಲ್ಲಿ ನಿಂತು ತಿನ್ನೋರು ಯಾರು? ಪಿಜಿ ಹುಡುಗರು, ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು, ಎರಡು ಗಾಡಿ ಇಟ್ಟಿರೋ ಡ್ರೈವರ್‌ಗಳು. ಆ ತಿಂಡಿ ಸಿಗದಿದ್ರೆ ಅವರ ಕೆಲಸ ಎಂಟೂವರೆಗೆ ಶುರು ಆಗಲ್ಲ. ಅದನ್ನ ಯಾವ ಕಾಲಂನಲ್ಲಿ ಬರೀತೀರಿ?

ಇನ್ನೊಂದು. ನಮ್ಮಂಥ ಲಾಡ್ಜಿನ ಗಿರಾಕಿ ಪ್ರವಾಸಿ ಅಂತ ಎಲ್ಲರೂ ತಿಳ್ಕೊಂಡಿದಾರೆ. ಸಬರ್ಬನ್ ಬಸ್ ಸ್ಟ್ಯಾಂಡ್ ಸುತ್ತಮುತ್ತ ವಾರದ ದಿನ ಯಾರು ಇರ್ತಾರೆ ಗೊತ್ತಾ? ಕೆ.ಆರ್. ಆಸ್ಪತ್ರೆ, ಜಯದೇವಕ್ಕೆ ಬಂದ ರೋಗಿಗಳ ಕಡೆಯವರು. ಚಾಮರಾಜನಗರ, ಮಡಿಕೇರಿ ಕಡೆಯಿಂದ ಕೋರ್ಟು-ಕಚೇರಿಗೆ ಬಂದವರು. ಪರೀಕ್ಷೆ ಬರೆಯೋಕೆ ಬಂದ ಮಕ್ಕಳು, ಜೊತೆಗೆ ಅಪ್ಪ. ಮೆಡಿಕಲ್ ರೆಪ್‌ಗಳು. ಮದುವೆ ಮುಹೂರ್ತ ಇದ್ದರೆ ಎರಡೂ ಕಡೆ ನೆಂಟರು. ಅರಮನೆ ನೋಡೋಕೆ ಬಂದೋರು ಶುಕ್ರವಾರ ರಾತ್ರಿ ಬಂದು ಭಾನುವಾರ ಮಧ್ಯಾಹ್ನ ಚೆಕ್‌ಔಟ್. ಸೋಮವಾರದಿಂದ ಗುರುವಾರದವರೆಗೆ ನಮ್ಮ ಸಂಬಳ ಕೊಡಿಸೋದು ಆಸ್ಪತ್ರೆ ಮತ್ತು ಕೋರ್ಟು.

ಅಗ್ರಹಾರದವನು:

ಇದು ಬಹಳ ಒಳ್ಳೇ ಮಾತು. ಅಂದ್ರೆ ಜಿಲ್ಲಾಸ್ಪತ್ರೆ, ವಿಶ್ವವಿದ್ಯಾಲಯ, ಕೋರ್ಟು ಒಂದು ಊರಲ್ಲಿರೋದು ಹೋಟೆಲಿಗೆ ಅರಮನೆಯಷ್ಟೇ ಮುಖ್ಯ.

ತೆರಿಗೆ ರಾಯರು:

ಹೋಟೆಲ್ ಬಿಲ್ಲಿನಲ್ಲಿ ತೆರಿಗೆ ಕಟ್ಟಿದರೆ ಅದು ಮೈಸೂರಿಗೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಪಾಲಿಕೆಗೆ ನೇರವಾಗಿ ಒಂದು ಪೈಸೆಯೂ ಇಲ್ಲ. ಪಾಲಿಕೆಗೆ ಬರುವುದು ಆಸ್ತಿ ತೆರಿಗೆ, ಟ್ರೇಡ್ ಲೈಸೆನ್ಸ್ ಶುಲ್ಕ, ಕಸದ ಸೆಸ್, ನೀರಿನ ಬಿಲ್ಲು. ನೀರೊಂದನ್ನು ಬಿಟ್ಟರೆ ಮಿಕ್ಕವು ರೂಮ್ ಭರ್ತಿಯಾದರೂ ಅಷ್ಟೇ, ಖಾಲಿಯಿದ್ದರೂ ಅಷ್ಟೇ. ಹಾಗಾಗಿ ದಸರೆಯ ಜನಸಾಗರದಿಂದ ಪಾಲಿಕೆಗೆ ಬರುವುದು ಕಸ ಮತ್ತು ಖರ್ಚು. ಊರೊಳಗೆ ಬರುವ ಸರಕಿನ ಮೇಲೆ ಹಿಂದೆ ಆಕ್ಟ್ರಾಯ್ ಇತ್ತು, 1979ರಲ್ಲಿ ಅದೂ ಹೋಯಿತು. ರೂಮಿನ ಮೇಲಿದ್ದ ಲಕ್ಷುರಿ ತೆರಿಗೆ ರಾಜ್ಯದ್ದು. 2017ರಲ್ಲಿ ಜಿಎಸ್‌ಟಿಯೊಳಗೆ ಕರಗಿತು.

ರೂಮಿನ ದರಗಳನ್ನೇ ನೋಡಿ. 2017ರಲ್ಲಿ 7,500ಕ್ಕಿಂತ ಮೇಲಿನ ರೂಮಿಗೆ ಶೇ 28 ಇತ್ತು. 2019ರ ಅಕ್ಟೋಬರಿನಿಂದ ಶೇ 18, ಕೆಳಗಿನದಕ್ಕೆ ಶೇ 12. 2022ರ ಜುಲೈನಲ್ಲಿ ಸಾವಿರದೊಳಗಿನ ರೂಮಿಗೂ ಶೇ 12 ಹಾಕಿದರು, ಆಸ್ಪತ್ರೆಗೆ ಬಂದವರು ಉಳಿಯುವ ರೂಮು ಅದೇ. 2025ರ ಸೆಪ್ಟೆಂಬರ್ 22ರಿಂದ, ಅಂದರೆ ಆ ವರ್ಷದ ದಸರಾ ಉದ್ಘಾಟನೆಯ ದಿನದಿಂದಲೇ, 7,500ರವರೆಗೆ ಶೇ 5. ಕೇಳಲು ಸೊಗಸು. ಆದರೆ ಹೂಡುವಳಿ ತೆರಿಗೆ ಜಮಾ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಇಲ್ಲ. ಕಟ್ಟಡದ ಬಾಡಿಗೆ, ಆ್ಯಪಿನ ಕಮಿಷನ್, ರಿಪೇರಿ, ಎಲ್ಲದರ ಮೇಲೂ ಕಟ್ಟಿದ ಶೇ 18 ಅನ್ನು ಮೊದಲು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಬರುತ್ತಿತ್ತು, ಈಗ ಅದು ಮಾಲೀಕನ ಖರ್ಚಿಗೇ ಸೇರುತ್ತದೆ. ಗಿರಾಕಿಯ ಬಿಲ್ಲು 2,240ರಿಂದ 2,100ಕ್ಕೆ ಇಳಿಯಿತು ಅಂದ ಮಾತ್ರಕ್ಕೆ ಅಷ್ಟೂ ಸರ್ಕಾರ ಬಿಟ್ಟುಕೊಟ್ಟದ್ದಲ್ಲ, ಸ್ವಲ್ಪ ನಮ್ಮ ಗಲ್ಲಾಪೆಟ್ಟಿಗೆಯವರ ಜೇಬಿಂದ ಹೋದದ್ದು.

ಗಲ್ಲಾಪೆಟ್ಟಿಗೆ:

ಸ್ವಲ್ಪ ಅಲ್ಲ ರಾಯರೆ.

ಹಳೇ ಪೆನ್ಷನ್ನಿಗ:

ದಸರಾದಲ್ಲಿ ರೂಮ್ ರೇಟು ಮೂರು ಪಟ್ಟು ಏರಿಸಿ ಸುಲಿಗೆ ಮಾಡ್ತಾರಲ್ಲ, ಆ ‘ಕೊಡುಗೆ’ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮ ಬಂಧುಗಳೊಬ್ಬರು ಶಿವಮೊಗ್ಗದಿಂದ ಬಂದು ರೇಟು ಕೇಳಿ ನಮ್ಮನೇಲೇ ಉಳಿದರು.

ತೆರಿಗೆ ರಾಯರು:

ಅಲ್ಲೊಂದು ಗೂಟ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಆ ದಿನ ನಿಜವಾಗಿ ತೆಗೆದುಕೊಂಡ ಬಾಡಿಗೆಯ ಮೇಲೆ ದರ ನಿಗದಿ. 7,500ಕ್ಕೆ ಕೊಟ್ಟರೆ ತೆರಿಗೆ 375. ನೂರು ರೂಪಾಯಿ ಏರಿಸಿ 7,600 ಮಾಡಿದರೆ ಶೇ 18, ಅಂದರೆ 1,368. ಗಿರಾಕಿಗೆ ಒಂದೇ ಏಟಿಗೆ ಸಾವಿರದ ಮೇಲೆ ಹೊರೆ.

ಅಲ್ಲಿಗೇ ಮುಗಿಯಲ್ಲ. 2025ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ, ಒಂದು ಆರ್ಥಿಕ ವರ್ಷದಲ್ಲಿ ಯಾವುದೇ ಒಂದು ರೂಮನ್ನು ದಿನಕ್ಕೆ 7,500ಕ್ಕಿಂತ ಹೆಚ್ಚಿಗೆ ಕೊಟ್ಟಿದ್ದರೆ, ಮುಂದಿನ ಇಡೀ ವರ್ಷ ಅದೇ ಆವರಣದ ರೆಸ್ಟೋರೆಂಟ್ ಬಿಲ್ಲಿಗೆ ಶೇ 5ರ ಬದಲು ಶೇ 18. ಜಂಬೂಸವಾರಿಯ ಹಿಂದಿನ ರಾತ್ರಿ ಆಸೆಗೆ ಬಿದ್ದು ಒಂದು ರೂಮು 8,000ಕ್ಕೆ ಕೊಟ್ಟ ಮಧ್ಯಮ ದರ್ಜೆ ಹೋಟೆಲಿನವರು ಮುಂದಿನ ವರ್ಷವಿಡೀ ಊರಿನವರ ಪೂರಿ-ಸಾಗುವಿಗೆ ಶೇ 18 ಹಾಕಬೇಕಾಗುತ್ತೆ. ಹಾಗಾಗಿ ಜಾಣರು 7,500ಕ್ಕೇ ನಿಲ್ಲಿಸುತ್ತಾರೆ.

ಕುಂದಾಪ್ರದ ಮಾಣಿ:

ಹ್ವಾಯ್, ಹೋಟ್ಲಿನ ಮಾತು ಬಂದ್ ಮೇಲೆ ನಾವು ಬರ್ದಿದ್ರೆ ಹ್ಯಾಂಗೆ.

ನಮ್ ಕಡೆ ಹೋಟ್ಲಿನ ದುಡ್ಡು ಅಂದ್ರೆ ಹೋಟ್ಲಿದ್ದ ಊರಿನ ದುಡ್ಡಲ್ಲ, ಮನಿಯಾರ್ಡರ್ ಬಂದ ಊರಿನ ದುಡ್ಡು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆ ಕೃಷ್ಣರಾಯರಿಂದ ಹಿಡ್ದು ಬೊಂಬಾಯಿ ಮಾಟುಂಗದ ಉಡುಪಿ ಹೋಟ್ಲಿನ ತನಕ, ಗದ್ದೆ ಸಾಲ ತೀರ್ಸಿದ್ದು, ತಂಗೀರ ಮದಿ ಮಾಡ್ಸಿದ್ದು ಎಲ್ಲ ಮಾಣಿಗಳ ಸಂಬಳ, ಭಟ್ರ ಸಂಬಳ. ಬೊಂಬಾಯಿಯ ಕನ್ನಡ ರಾತ್ರಿಶಾಲೆ ತುಂಬಿದ್ದು ಹೋಟ್ಲು ಹುಡುಗ್ರಿಂದ. ಮೈಸೂರಿನ ಗಾಂಧಿ ಚೌಕದ ದಾಸಪ್ರಕಾಶ್ ಸಹ ಕರಾವಳಿಯವರದ್ದೇ. ನಮ್ಮ ಉಡುಪಿಯಲ್ಲಿ 1925ಕ್ಕೆ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಅಂತ ಶುರು ಮಾಡ್ತಲ, ದಿನಾ ಎರಡಾಣೆ ಕಟ್ಟುದು. ದಿನಾ ಗಲ್ಲ ತುಂಬು ವ್ಯಾಪಾರಕ್ಕೆ ಅದು ಹೇಳಿ ಮಾಡಿಸಿದ್ದು. ಪಿಗ್ಮಿ ದುಡ್ಡಲ್ಲೇ ಎರಡನೇ ಹೋಟ್ಲು ಹಾಕ್ದವ್ರು ನಮ್ಮಲ್ಲಿ ಮನೆಮನೆಯಲ್ಲಿ ಸಿಕ್ತ್ರು.

ಈಗ ನಮ್ ಮಕ್ಳು ಹೋಟ್ಲಿಗೆ ಬತ್ತಿಲ್ಲೆ, ಎಲ್ಲ ಸಾಫ್ಟ್‌ವೇರು. ಒಳಗೆ ದೋಸೆ ಹೊಯ್ಯೂದು ಅಸ್ಸಾಂ, ಒಡಿಶಾ, ಬಿಹಾರದ ಹುಡುಗ್ರು. ಅವ್ರು ಸಂಬಳ ಊರಿಗೆ ಕಳ್ಸ್ತ್ರು. ‘ದುಡ್ಡು ಸೋರಿ ಹೋಯ್ತು’ ಅಂತ ಇಲ್ಲಿ ಯಾರಾದ್ರೂ ಬರೂಕೆ ಹೊರಟ್ರೆ, ಒಂದ್ ಕಾಲದಲ್ಲಿ ಬೊಂಬಾಯಿಯವ್ರು ನಮ್ಮನ್ನ ಹಾಂಗೇ ಹೇಳ್ತಿದ್ರು, ನೆನಪಿರ್ಲಿ.

ಅರ್ಥಶಾಸ್ತ್ರದ ಹುಡುಗಿ:

ಮೈಸೂರಿನ ಲೆಕ್ಕದಲ್ಲಿ ಅದು ಹೊರಗೆ ಹೋದ ದುಡ್ಡೇ. ದೇಶದ ಲೆಕ್ಕದಲ್ಲಿ, ಬಹುಶಃ ಎಲ್ಲಕ್ಕಿಂತ ಒಳ್ಳೆಯ ಕಡೆ ಹೋದ ದುಡ್ಡು. ಆ್ಯಪಿನ ಕಮಿಷನ್ನನ್ನೂ ಅಡುಗೆಯವನ ಮನಿಯಾರ್ಡರನ್ನೂ ಒಂದೇ ತಕ್ಕಡಿಯಲ್ಲಿ ನಾನಂತೂ ಇಡುವುದಿಲ್ಲ.

ಸಣ್ಣಕ್ಕ:

ನಾನು ಒಂದು ಹೋಟೆಲಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಂಜನಗೂಡು ಕಡೆ ಹಳ್ಳಿಯವಳು. ಎಲ್ಲರೂ ದೋಸೆ ಭಟ್ಟರ ಬಗ್ಗೆ ಬರೀತಿದೀರ, ಹಾಸಿಗೆ ಮಡಚೋರ ಬಗ್ಗೆ ಯಾರೂ ಇಲ್ಲ ಅಂತ ಬರೀತಿದೀನಿ.

ನಮ್ಮ ಫ್ಲೋರಲ್ಲಿ ಕೆಲಸ ಮಾಡೋರು ಹೆಚ್ಚು ಹೆಂಗಸರು. ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ, ಹುಣಸೂರು ಕಡೆಯವರು. ಹತ್ತನೇ ಕ್ಲಾಸು ದಾಟದವರಿಗೆ ಈ ಊರಲ್ಲಿ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಸಿಗೋದು ಅಂದ್ರೆ ಗಾರ್ಮೆಂಟ್ಸು, ಇಲ್ಲಾಂದ್ರೆ ಹೋಟೆಲ್. ದೊಡ್ಡ ಹೋಟೆಲ್ ಆದ್ರೆ ಮಾತ್ರ ಪಿಎಫ್, ಸಣ್ಣ ಲಾಡ್ಜಲ್ಲಿ ಕೈಗೆ ದುಡ್ಡು, ಅಷ್ಟೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಉಳೀತಿದೆ, ಆ ದುಡ್ಡು ಸಂಘದ ಕಂತಿಗೆ ಹೋಗುತ್ತೆ. ದೂರದೂರಿಂದ ದಿನಾ ಓಡಾಡಿ ಕೆಲಸ ಮಾಡೋರು ಜಾಸ್ತಿ ಆದ್ರು. ಆದ್ರೆ ಎರಡನೇ ಶಿಫ್ಟು ಮುಗಿಯೋ ಹೊತ್ತಿಗೆ ಹಳ್ಳಿ ಕಡೆ ಬಸ್ಸೇ ಇರಲ್ಲ. ಅದಕ್ಕೇ ಸಂಜೆ ಶಿಫ್ಟೆಲ್ಲ ಗಂಡಸರಿಗೆ, ಟಿಪ್ಸು ಸಿಗೋದೂ ಸಂಜೆ ಶಿಫ್ಟಲ್ಲೇ.

ಜನ ಒಂದು ರಾತ್ರಿ ಉಳೀಬೇಕು ಅಂತಿದಾರಲ್ಲ ಮೊದಲು ಬರೆದವರು, ನಮಗೆ ಅವರು ಎರಡು ರಾತ್ರಿ ಉಳಿದ್ರೆ ಇನ್ನೂ ಸುಲಭ. ದಿನಾ ಗಿರಾಕಿ ಬದಲಾದ್ರೆ ದಿನಾ ಪೂರ್ತಿ ರೂಮು ತಿರುಗಿಸಬೇಕು, ಶೀಟೆಲ್ಲ ಲಾಂಡ್ರಿಗೆ. ನೀರೂ ಅಷ್ಟೇ.

ಗೋಕುಲಂ 3ನೇ ಹಂತ:

ಸಣ್ಣಕ್ಕ ಅವರ ಕೊನೇ ಮಾತಿಗೆ ನಮ್ಮ ಬಡಾವಣೆಯೇ ಉದಾಹರಣೆ.

1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯೋಕೆ ಹೊರದೇಶದವರು ಲಕ್ಷ್ಮೀಪುರಂಗೆ ಬರ್ತಿದ್ದರು, ಆಮೇಲೆ ಗೋಕುಲಂಗೆ. ಇವರು ಎರಡು ದಿನಕ್ಕೆ ಬರೋರಲ್ಲ, ಒಂದು ತಿಂಗಳು, ಎರಡು ತಿಂಗಳು, ಕೆಲವರು ಅದಕ್ಕಿಂತ ಜಾಸ್ತಿ. ಸ್ಟಾರ್ ಹೋಟೆಲಿಗೆ ಹೋಗಲ್ಲ, ಮನೆ ಮಹಡಿ ಬಾಡಿಗೆಗೆ ತಗೋತಾರೆ. ಅವರಿಗೋಸ್ಕರ ಎಷ್ಟು ಮನೆಗಳು ಮೇಲೊಂದು ಅಂತಸ್ತು ಕಟ್ಟಿದ್ವು! ಬೆಳಿಗ್ಗೆ ಯೋಗ ಮುಗಿಸಿ ಎಳನೀರು, ಆಮೇಲೆ ತಿಂಡಿ. ಸ್ಕೂಟರ್ ಬಾಡಿಗೆ, ಟೈಲರ್, ಸಂಸ್ಕೃತ ಪಾಠ, ಅಡುಗೆ ಪಾಠ ಹೇಳಿಕೊಡೋ ಗೃಹಿಣಿಯರು. ದುಡ್ಡು ಅಷ್ಟೂ ಒಂದೇ ಬಡಾವಣೆಯ ನೂರಾರು ಕೈಗೆ ಚದುರುತ್ತೆ, ನಡುವೆ ಆ್ಯಪ್ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ಈ ಬಾಡಿಗೆ ಎಷ್ಟೋ ಕಡೆ ಯಾವ ಲೆಕ್ಕಕ್ಕೂ ಸಿಗಲ್ಲ, ತೆರಿಗೆ ಇಲ್ಲ, ಮನೆ ಅಂತ ಆಸ್ತಿ ತೆರಿಗೆ ಕಟ್ಟಿ ವ್ಯಾಪಾರ ಮಾಡೋದು. ಸ್ಥಳೀಯ ಬಾಡಿಗೆದಾರರಿಗೆ ಗೋಕುಲಂನಲ್ಲಿ ಮನೆ ಸಿಗೋದು ದುಬಾರಿ ಆಯ್ತು. ಕೋವಿಡ್ ಬಂದಾಗ ಒಂದೇ ವಾರದಲ್ಲಿ ಬೀದಿ ಖಾಲಿ.

ಗಲ್ಲಾಪೆಟ್ಟಿಗೆ:

ಅದನ್ನೇ ನಾವು ಬಾಯಿ ಬಡ್ಕೊಳ್ಳೋದು. ನಮಗೆ ಫೈರ್ ಎನ್‌ಒಸಿ, ಟ್ರೇಡ್ ಲೈಸೆನ್ಸ್, ವಿದೇಶಿಯರು ಬಂದ್ರೆ ಫಾರ್ಮ್ ಸಿ, ಫುಡ್ ಲೈಸೆನ್ಸ್, ಕಮರ್ಷಿಯಲ್ ಕರೆಂಟು, 19 ಕೆ.ಜಿ. ಸಿಲಿಂಡರ್. ಪಕ್ಕದ ಬೀದೀಲಿ ಮನೇಲಿ ರೂಮು ಕೊಡೋರಿಗೆ ಇದರಲ್ಲಿ ಎಷ್ಟು?

ಮೂಲೆಮನೆ:

ಹೋಟೆಲ್‌ಗಳಿಂದ ಊರಿಗೆ ಸಿಗೋದು ರಸ್ತೇಲಿ ಡಬಲ್ ಪಾರ್ಕಿಂಗ್, ಚರಂಡೀಲಿ ಜಿಡ್ಡು. ದಿನಕ್ಕೆ ನೂರು ಕೆ.ಜಿ. ಮೇಲೆ ಕಸ ಮಾಡೋರು ತಾವೇ ವಿಂಗಡಿಸಿ ಸಂಸ್ಕರಿಸಬೇಕು ಅಂತ 2016ರಿಂದಲೇ ನಿಯಮ ಇದೆ. ನಮ್ಮ ಮೂಲೆಗೆ ಬಂದು ನೋಡಿ, ರಾತ್ರಿ ಹನ್ನೊಂದಕ್ಕೆ ಚೀಲ ಚೀಲ ಅನ್ನ. ಎಷ್ಟು ಕೋಟಿ ಕೊಡುಗೆ ಅಂತ ಹೇಳೋರು ಅದನ್ನೂ ಕಳೆದು ಹೇಳಲಿ.

ನಿರ್ವಾಹಕರು:

ಸದಸ್ಯರೊಬ್ಬರು ಒಂದು ಹೋಟೆಲಿನ ಹೆಸರು ಹಾಕಿ ಬರೆದಿದ್ದ ದೂರನ್ನು ತೆಗೆಯಲಾಗಿದೆ. ದೂರು ಪಾಲಿಕೆಗೆ ಕೊಡಿ, ಇಲ್ಲಿ ವಿಷಯ ಮಾತ್ರ ಬರೆಯಿರಿ.

ಡಚ್ಚರ ನಾಡಿನಿಂದ:

ನಾನು ಮೈಸೂರಿನವನು, ಈಗ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಮೂಲೆಮನೆಯವರ ಸಿಟ್ಟಿಗೂ ರಾಯರ ಲೆಕ್ಕಕ್ಕೂ ಒಂದು ಉತ್ತರ ಇಲ್ಲಿದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2024ರಿಂದ ರೂಮ್ ಬಾಡಿಗೆಯ ಶೇ 12.5ರಷ್ಟು ಪ್ರವಾಸಿ ತೆರಿಗೆ. ಅದು ನೇರ ನಗರಸಭೆಗೆ. ಬೀದಿ ಗುಡಿಸೋದು, ಕಾಲುವೆ ದಂಡೆ ರಿಪೇರಿ ಮಾಡೋದು ಇಂಥ ದುಡ್ಡಿಂದಲೇ. ರೂಮ್ ತುಂಬಿದಷ್ಟೂ ನಗರಕ್ಕೆ ಆದಾಯ, ಹಾಗಾಗಿ ಪ್ರವಾಸಿಗರು ಹೆಚ್ಚಾದರೆ ಆಗುವ ಖರ್ಚಿಗೆ ಪ್ರವಾಸಿಗರೇ ಹೊಣೆ. ಮೈಸೂರು ಪಾಲಿಕೆ ಒಂದು ರೂಮಿಗೆ ಒಂದು ರಾತ್ರಿಗೆ ಐವತ್ತು ರೂಪಾಯಿ ಹಾಕಿದರೆ ಯಾರೂ ಊರು ಬಿಟ್ಟು ಓಡಲ್ಲ.

ತೆರಿಗೆ ರಾಯರು:

ಪಾಲಿಕೆ ತಾನೇ ಹಾಕುವಂತಿಲ್ಲ ಸ್ವಾಮಿ. ಸಂವಿಧಾನದ ಏಳನೇ ಅನುಸೂಚಿ, ರಾಜ್ಯಪಟ್ಟಿಯ 62ನೇ ನಮೂದಿನಲ್ಲಿ ಲಕ್ಷುರಿ, ಮನರಂಜನೆ, ಬೆಟ್ಟಿಂಗ್ ಎಲ್ಲ ಇದ್ದವು. 101ನೇ ತಿದ್ದುಪಡಿ ಲಕ್ಷುರಿಯನ್ನು ತೆಗೆದು, ಪಂಚಾಯಿತಿ-ಪುರಸಭೆಗಳು ವಸೂಲಿ ಮಾಡುವಷ್ಟರ ಮಟ್ಟಿಗೆ ಮನರಂಜನಾ ತೆರಿಗೆಯನ್ನು ಮಾತ್ರ ಉಳಿಸಿತು. ಅಂದರೆ ಸಿನಿಮಾ ಟಿಕೆಟ್ ಮೇಲೆ ಹಾಕಬಹುದು, ರೂಮಿನ ಮೇಲೆ ಆಗದು.

ತೆರಿಗೆ ಅನ್ನದೆ ಶುಲ್ಕ ಅಂದರೆ ದಾರಿ ಇದೆ. ಸಿಕ್ಕಿಂ 2025ರಲ್ಲಿ ಹಾಗೇ ಮಾಡಿತು, ಪ್ರವಾಸಿಗೆ ತಲಾ 50 ರೂಪಾಯಿ, ಹೋಟೆಲ್ ಮೂಲಕ ವಸೂಲಿ. ಅದು ರಾಜ್ಯ ಸರ್ಕಾರ ಮಾಡಿದ್ದು. ಇಲ್ಲೂ ವಿಧಾನಸೌಧ ಮನಸ್ಸು ಮಾಡಬೇಕು, ಮೈಸೂರಿಗೆ ಅಂತ ಬಂದ ದುಡ್ಡು ಮೈಸೂರಿಗೇ ಅಂತ ಬರೆದುಕೊಡಬೇಕು. ನಮ್ಮ ಪಾಲಿಕೆಯಲ್ಲೋ, 2023ರ ನವೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಅಧಿಕಾರಿಗಳದ್ದೇ ಆಡಳಿತ, ಕೇಳುವವರು ಯಾರು?

ಗಲ್ಲಾಪೆಟ್ಟಿಗೆ:

ಶುಲ್ಕ ಹಾಕೋದಾದ್ರೆ ಒಂದೇ ಷರತ್ತು, ಆ್ಯಪಲ್ಲಿ ಬಾಡಿಗೆಗೆ ಕೊಡೋ ಮನೆಗಳಿಗೂ ಹಾಕಿ. ನನ್ನೊಬ್ಬನಿಗೇ ಬೇಡ.

ಅಂದಹಾಗೆ ಆ್ಯಪ್‌ಗಳ ಬಗ್ಗೆ ನಾವು ಸುಮ್ಮನೆ ಗೊಣಗ್ತಿಲ್ಲ. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋ ಮತ್ತು ಓಯೋಗೆ ಒಟ್ಟು 392 ಕೋಟಿ ದಂಡ ಹಾಕಿತು. ನಮ್ಮ ಆ್ಯಪಲ್ಲಿ ಇರೋದಕ್ಕಿಂತ ಕಮ್ಮಿ ರೇಟಿಗೆ ಬೇರೆಲ್ಲೂ ಕೊಡಬಾರದು ಅಂತ ಹೋಟೆಲಿನವರ ಕೈ ಕಟ್ಟಿದ್ದೂ ಅದರಲ್ಲಿ ಒಂದು ಕಾರಣ. ನೀವು ಯಾವ ಊರಿಗೇ ಹೋಗಿ, ರೂಮು ಆ್ಯಪಲ್ಲಿ ನೋಡಿ, ಬುಕ್ ಮಾಡೋಕೆ ಮುಂಚೆ ಹೋಟೆಲಿಗೊಂದು ಫೋನ್ ಹಾಕಿ.

ಗುಂಡ್ಲುಪೇಟೆ ಗಡಿ:

ಕೇರಳದವರ ಬಗ್ಗೆ ಒಂದೇ ಸಾಲು ಬಂತು, ನನ್ನದೂ ಸೇರಿಸಿಕೊಳ್ಳಿ. 2009ರಿಂದ ಬಂಡೀಪುರದ ಹೆದ್ದಾರೀಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಂದ್. ಸಂಜೆ ಅರಮನೆ ದೀಪ ನೋಡಿ ಅದೇ ದಾರೀಲಿ ವಯನಾಡಿಗೆ ವಾಪಸ್ ಹೋಗೋಕೆ ಆಗಲ್ಲ, ಸುತ್ತು ದಾರಿ ಬೇಡ ಅಂದ್ರೆ ಮೈಸೂರಲ್ಲೋ ನಮ್ಮಲ್ಲೋ ಉಳೀಬೇಕು. ಬೆಂಗಳೂರು ಕಡೆ ರಸ್ತೆ ಪ್ರವಾಸಿಯನ್ನ ರಾತ್ರಿಯೇ ಮನೆಗೆ ಕಳಿಸುತ್ತೆ, ಕೇರಳ ಕಡೆ ಗೇಟು ಅವನನ್ನ ಇಲ್ಲೇ ಉಳಿಸುತ್ತೆ. ನಿಷೇಧ ಮಾಡಿದ್ದು ಪ್ರಾಣಿಗಳಿಗೋಸ್ಕರ, ಮಾಡಿದ್ದು ಸರಿಯೇ. ಲಾಭ ಲಾಡ್ಜಿನವರಿಗೂ ಆಯ್ತು.

ಕಾವೇರಿ ಗಲಾಟೆ ಮಾತ್ರ ಎಲ್ಲಾ ಕಡೆಯಿಂದಲೂ ಹೊಡೆತ. 2023ರ ಸೆಪ್ಟೆಂಬರ್ 29ರ ಬಂದ್ ಆಗಿದ್ದು ದಸರಾಕ್ಕೆ ಎರಡು ವಾರ ಮುಂಚೆ. ತಮಿಳುನಾಡು ನಂಬರ್ ಗಾಡಿಯವರು ಬುಕಿಂಗ್ ರದ್ದು ಮಾಡಿದ್ರೆ ಅವರನ್ನ ದೂರೋಕಾಗುತ್ತಾ?

ಅಗ್ರಹಾರದವನು:

ಹಾಗಾದ್ರೆ ಉಳಿಸಿಕೊಳ್ಳೋದು ಹೇಗೆ ಅನ್ನೋದು ಅರ್ಧ ಅರಮನೆ ಮಂಡಳಿ ಮತ್ತು ಪ್ರವಾಸೋದ್ಯಮ ಇಲಾಖೆ ಕೈಲಿದೆ. ಅರಮನೆ ದೀಪ ಇರೋದು ಭಾನುವಾರ ಮತ್ತು ರಜಾದಿನ ಸಂಜೆ, ಬೃಂದಾವನದ ಕಾರಂಜಿಯೂ ಸಂಜೆಗೇ. ಎರಡೂ ಮುಗಿಸಿ ಹೆದ್ದಾರಿ ಹಿಡಿಯೋಕೆ ಸರಿಯಾದ ಹೊತ್ತು. ದೀಪವನ್ನ ಬುಧವಾರವೂ ಹಾಕಿ, ಸ್ವಲ್ಪ ತಡವಾಗಿ ಹಾಕಿ ನೋಡಲಿ. ಬೆಳಿಗ್ಗೆ ಆರೂವರೆಗೆ ದೇವರಾಜ ಮಾರ್ಕೆಟ್ಟಿನ ಹೂವು, ಅಗ್ರಹಾರದ ತಿಂಡಿ ಹೋಟೆಲು, ಕುಕ್ಕರಹಳ್ಳಿ ಕೆರೆ, ಇವನ್ನ ನೋಡಬೇಕು ಅಂದ್ರೆ ಹಿಂದಿನ ರಾತ್ರಿ ಇಲ್ಲೇ ಇರಬೇಕು. ಅದನ್ನ ಮಾರೋಕೆ ನಮಗೆ ಬರಲ್ಲ. ವೈಸ್‌ರಾಯ್ ಉಳಿಯಲಿ ಅಂತ 1921ರಲ್ಲಿ ಲಲಿತಮಹಲ್‌ಗೆ ಅಡಿಗಲ್ಲು ಹಾಕಿದ ಊರು ಇದು. ಅತಿಥಿ ಉಳಿದ್ರೆ ಊರಿಗೆ ಏನು ಅನ್ನೋದು ಆಗಿನವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅರ್ಥಶಾಸ್ತ್ರದ ಹುಡುಗಿ:

ಇನ್ಫೊಸಿಸ್ ಕ್ಯಾಂಪಸ್ಸನ್ನೂ ಗಮನಿಸಿ. ತರಬೇತಿಗೆ ಬಂದ ಸಾವಿರಾರು ಹುಡುಗರು ರಾತ್ರಿ ಉಳಿಯುವುದು ಮೈಸೂರಿನಲ್ಲೇ, ಆದರೆ ರೂಮೂ ಒಳಗೆ, ಊಟವೂ ಒಳಗೆ. ರಾತ್ರಿ ಉಳಿದರೆ ಸಾಕು ಅನ್ನುವ ವಾದಕ್ಕೆ ಅದು ಅಪವಾದ. ಕಾಂಪೌಂಡ್ ದಾಟಿ ಹೊರಗೆ ಬಂದರಷ್ಟೇ ಊರಿಗೆ ದುಡ್ಡು. ಎಲ್ಲವೂ ಒಳಗೇ ಸಿಗುವ ರೆಸಾರ್ಟ್‌ಗಳಿಗೂ ಇದೇ ಮಾತು.

ಸಣ್ಣಕ್ಕ:

ರಾಯರೆ, ನಂದೊಂದು ಪ್ರಶ್ನೆ. ದೊಡ್ಡ ಹೋಟೆಲ್‌ಗಳಲ್ಲಿ ಬಿಲ್ಲಿಗೆ ಸರ್ವಿಸ್ ಚಾರ್ಜ್ ಅಂತ ಹಾಕ್ತಾರೆ. ಗಿರಾಕಿ ಅದು ನಮಗೆ ಅಂತ ತಿಳ್ಕೊಂಡು ಟಿಪ್ಸ್ ಕೊಡಲ್ಲ. ಅದನ್ನ ಕೆಲಸದವರಿಗೆ ಕೊಡಲೇಬೇಕು ಅಂತ ಕಾನೂನು ಇದೆಯಾ?

ತೆರಿಗೆ ರಾಯರು:

ಅದು ಸರ್ಕಾರದ ತೆರಿಗೆ ಅಲ್ಲ ಸಣ್ಣಕ್ಕ, ಹೋಟೆಲಿನವರು ತಾವೇ ಹಾಕುವುದು. ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬಲವಂತ ಮಾಡುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, 2025ರ ಮಾರ್ಚ್‌ನಲ್ಲಿ ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಆದರೆ ಅದು ಗಿರಾಕಿಯ ರಕ್ಷಣೆಗೆ ಬಂದದ್ದು. ವಸೂಲಾದ ದುಡ್ಡನ್ನು ಮಹಡಿ ಗುಡಿಸುವವರಿಗೆ ಇಷ್ಟು, ಬಡಿಸುವವರಿಗೆ ಇಷ್ಟು ಹಂಚಿ ಅಂತ ಆ ಮಾರ್ಗಸೂಚಿಯಲ್ಲಿಲ್ಲ. ಯೂನಿಯನ್ ಇರುವ ಕಡೆ ವೇತನ ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ನಿಮ್ಮಲ್ಲಿ ಯೂನಿಯನ್ ಇದೆಯಾ?

ಸಣ್ಣಕ್ಕ:

ಇಲ್ಲ ಸರ್. ನಮ್ಮಲ್ಲಿ ಅರ್ಧ ಜನ ಏಜೆನ್ಸಿ ಮೂಲಕ ಬಂದವರು, ಹೋಟೆಲಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ.